ತೋಟದ ಮಾಲೀಕರಿಗೆ, ಲೈನ್ ಮನೆಯ ಕನ್ನಡದ ಬಗ್ಗೆ

ಹೆಬ್ಬೆ, ಕೆಮ್ಮಣ್ಣುಗುಂಡಿ ಸುತ್ತಿನ ಕಾಫಿ ತೋಟಗಳ ಮಾಲೀಕರಿಗೆ, ರೈಟರ್‌ಗಳಿಗೆ, ಮೇಸ್ತ್ರಿಗಳಿಗೆ,

ಅಸ್ಸಾಮಿನಿಂದ ಬಂದು ತೋಟದ ಲೈನ್ ಮನೆಗಳಲ್ಲಿರುವ ಕೆಲಸದವರ ಬಗ್ಗೆ ನಿಮ್ಮಲ್ಲಿ ಅನೇಕರು ಹೀಗನ್ನುತ್ತೀರಿ: 'ಮಕ್ಕಳು ಅಂಗನವಾಡಿಗೆ ಹೋಗಿ ವರ್ಷದೊಳಗೆ ಕನ್ನಡ ಮಾತಾಡ್ತವೆ. ಇವರಿಗೆ ಕಲಿಯೋ ಮನಸ್ಸೇ ಇಲ್ಲ.' ಈ ಮಾತು ಅನ್ಯಾಯದ್ದು.

ಕೂಸಿನ ಕಿವಿ ಯಾವ ಭಾಷೆಯ ಧ್ವನಿಗೂ ತೆರೆದಿರುತ್ತದೆ. ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ತ, ಟ ಬೇರೆ ಬೇರೆ ಎಂದು ಗುರುತಿಸಿದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಹೋಗಿತ್ತು. ಅಸ್ಸಾಮಿಯಲ್ಲಿ ತ, ಟ ಬರಹದಲ್ಲಿ ಬೇರೆ, ಬಾಯಲ್ಲಿ ಒಂದೇ. ಅಲ್ಲಿ ನಮ್ಮ ಳಕಾರವಿಲ್ಲ. ಬಂದದ್ದು ಗಂಡೋ ಹೆಣ್ಣೋ ಎಂದು ಕ್ರಿಯಾಪದ ಹೇಳುವುದೂ ಇಲ್ಲ. ಅಂಥ ಮಾತಿನಲ್ಲಿ ಬೆಳೆದು ಮೂವತ್ತು ದಾಟಿದವರು 'ಅವಳು ಬಂದ' ಎಂದರೆ ಅದು ಸೋಮಾರಿತನವೇ?

ಹಾಗೆಂದು ದೊಡ್ಡವರಿಗೆ ಭಾಷೆ ಹತ್ತುವುದಿಲ್ಲ ಎಂದು ಕೈಬಿಡಬೇಡಿ. ನೆದರ್‌ಲೆಂಡ್ಸ್‌ನಲ್ಲಿ ಡಚ್ ಕಲಿತವರನ್ನು ಕುರಿತ 1978ರ ಅಧ್ಯಯನವೊಂದರಲ್ಲಿ ಮೊದಲ ತಿಂಗಳುಗಳಲ್ಲಿ ಪುಟ್ಟ ಮಕ್ಕಳಿಗಿಂತ ಹದಿಹರೆಯದವರೂ ದೊಡ್ಡವರೂ ಮುಂದಿದ್ದರು. ಜರ್ಮನ್ ಪಾದ್ರಿ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದಾಗ ಇಪ್ಪತ್ತೊಂದು ವರ್ಷದ ಯುವಕ. 1894ರಲ್ಲಿ ಸುಮಾರು 70,000 ಪದಗಳ ಕನ್ನಡ ನಿಘಂಟು ಕೊಟ್ಟರು. ಅವರಿಗೆ ನೆರವಾಗಲು ಪಂಡಿತರಿದ್ದರು.

ಲೈನ್ ಮನೆಯವರಿಗೆ ಯಾರಿದ್ದಾರೆ? ಮಗುವನ್ನು ದಿನವಿಡೀ ಯಾರಾದರೂ ಮಾತಾಡಿಸುತ್ತಾರೆ. ತಪ್ಪಿದರೆ ನಕ್ಕು ಮುದ್ದಾಡುತ್ತಾರೆ. ಅದರ ಅಪ್ಪನ ಕಿವಿಗೆ ಬೀಳುವುದು 'ಬಾ', 'ಕುಯ್ಯಿ', 'ಎತ್ತು', 'ಬೇಗ'. ಮಿಕ್ಕಿದ್ದೆಲ್ಲ ನಮ್ಮ ಮುರುಕು ಹಿಂದಿ. ಕೇಳಿದ ಏಕವಚನವನ್ನೇ ಅವನು ಹಿರಿಯರಿಗೆ ಆಡಿದರೆ ಮರ್ಯಾದೆ ಗೊತ್ತಿಲ್ಲದವನು ಎನ್ನುತ್ತೀರಿ. ಅವನೊಡನೆ ಮರ್ಯಾದೆಯ ಕನ್ನಡ ಆಡಿದವರು ಯಾರು?

ದೊಡ್ಡವರಿಗೆ ಕನ್ನಡ ಬಾರದ್ದಕ್ಕೆ ಬೆಲೆ ತೆರುತ್ತಿರುವುದು ಆ ಮಕ್ಕಳೇ. ಆಸ್ಪತ್ರೆಯಲ್ಲಿ ತಾಯಿ ತನ್ನ ಹೊಟ್ಟೆನೋವು, ಮುಟ್ಟಿನ ತೊಂದರೆಗಳನ್ನು ಆರೇಳು ವರ್ಷದ ಮಗಳ ಬಾಯಲ್ಲಿ ಹೇಳಿಸಬೇಕಾಗಿದೆ. ಆ ಹುಡುಗಿಯ ಮೇಲೆ ಅದನ್ನು ಹೊರಿಸಬಾರದು.

ಅದಕ್ಕೆ ನೀವು ಮಾಡಬೇಕಾದದ್ದು ಇಷ್ಟು: ಕಾಫಿ ಹಣ್ಣು ತೂಗುವಾಗ ಲೆಕ್ಕವನ್ನು ನಿಧಾನವಾಗಿ ಕನ್ನಡದಲ್ಲೇ ಹೇಳಿ. 'ನೀವು' ಎನ್ನಿ. ಬಂದ, ಬಂದಳು, ಬಂದರು ಎಂದು ಯಾವಾಗ ಅನ್ನಬೇಕೆಂದು ಬಿಡಿಸಿ ಹೇಳಿ. ಕಾರಣ ತಿಳಿದು ಕಲಿಯುವ ಶಕ್ತಿ ದೊಡ್ಡವರಿಗಿದೆ. ವಾರಕ್ಕೊಮ್ಮೆ ಒಂದು ಗಂಟೆ, ಸಂಬಳ ಹಿಡಿಯದೆ, ಕಲಿಕೆಗೆ ಬಿಡಿ. ಡಾಕ್ಟರ ಮುಂದೆ ಎಲ್ಲಿ ನೋವು, ಎಷ್ಟು ದಿನದಿಂದ ಎಂದು ಆ ತಾಯಿಯೇ ಹೇಳುವಷ್ಟು ಕನ್ನಡವನ್ನು ಈ ಕುಯ್ಲು ಮುಗಿಯುವುದರೊಳಗೆ ಕಲಿಸಬಹುದು.

ಇಂತಿ,
ನಿಮ್ಮ ನೆರೆಯವನು