ಪೋಚಿಂಕಿಗೆ ಬಿದ್ದ ಮಾಮ

"ಮಾಮ, ಈಗಲೇ ಹಾರ್ಬೇಡಿ, ನಾನು ಹೇಳ್ತೀನಿ" ಎಂದ ತಂಗಿಯ ಮಗ. ಅಷ್ಟರಲ್ಲಿ ನಾನು ಹಾರಿ ಆಗಿತ್ತು. ಕಣ್ಣೆದುರು ಗುಂಡಿಯೊಂದು ಮಿನುಗುತ್ತಿದ್ದರೆ ಒತ್ತದೆ ಕೂರುವ ಸಂಯಮ ನನ್ನ ತಲೆಮಾರಿನವರಿಗಿಲ್ಲ. ಲಿಫ್ಟಿನ ಗುಂಡಿಯನ್ನೇ ನಾಲ್ಕು ಸಲ ಒತ್ತುವವರು ನಾವು.

ಕೆಳಗೆ ನೋಡಿದರೆ ಸಮುದ್ರ. ಪಬ್‌ಜಿ ಎಂಬ ಮೊಬೈಲ್ ಆಟದಲ್ಲಿ ಬರುವ, ಎರಾಂಗೆಲ್ ಎಂಬ ಎಂಟು ಕಿಲೋಮೀಟರ್ ಉದ್ದಗಲದ ಆ ದ್ವೀಪ ಇನ್ನೂ ಶುರುವೇ ಆಗಿರಲಿಲ್ಲ. ಈಜಿ ಈಜಿ ದಡ ಮುಟ್ಟುವಷ್ಟರಲ್ಲಿ ವಿಮಾನದಲ್ಲಿದ್ದ ನೂರು ಜನರಲ್ಲಿ ಉಳಿದವರು ಅರವತ್ತು. ಕೊನೆಗೆ ಉಳಿದವರೇ ಗೆದ್ದಂತೆ ಇಲ್ಲಿ. ಒಂದೂ ಗುಂಡು ಹಾರಿಸದೆ, ಬಟ್ಟೆ ಒದ್ದೆ ಮಾಡಿಕೊಂಡದ್ದಷ್ಟೇ ಸಾಧನೆಯಾಗಿ, ನಲವತ್ತು ಜನರನ್ನು ಹಿಂದೆ ಹಾಕಿದ್ದೆ. ಹುಡುಗನಿಗೆ ಇದು ಅವಮಾನ. ನನಗೆ ಮಾತ್ರ ಜೀವಮಾನದಲ್ಲಿ ಮೊದಲ ಬಾರಿಗೆ ಯಾವುದೋ ಪಟ್ಟಿಯಲ್ಲಿ ಮೇಲಿದ್ದೆನೆಂಬ ಸಮಾಧಾನ.

ಎರಡನೇ ಸಲಕ್ಕೆ ಪಾಠ ಶುರುವಾಯಿತು. ತಲೆ ನೇರ ಕೆಳಕ್ಕೆ ಮಾಡಿದರೆ ಗಂಟೆಗೆ 234 ಕಿಲೋಮೀಟರ್ ವೇಗ. ಯಾರು ಮೊದಲು ನೆಲ ಮುಟ್ಟುತ್ತಾರೋ ಅವರಿಗೆ ಮೊದಲು ಬಂದೂಕು. ನನ್ನಂಥವರಿಗೆಂದೇ 'ಫಾಲೋ' ಎಂಬ ಸೌಲಭ್ಯವೂ ಇದೆ. ಅದನ್ನು ಒತ್ತಿದರೆ ನಾಯಕ ಹಾರಿದ ಕಡೆಗೆ ಉಳಿದ ಮೂವರೂ ತಾವಾಗಿ ಹೋಗಿ ಬೀಳುತ್ತಾರೆ. ಈ ತಂತ್ರ ನಮ್ಮ ವಿಧಾನಸೌಧದಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. ಅಲ್ಲಿಯವರು ಹೋಗಿ ಇಳಿಯುವುದು ರೆಸಾರ್ಟಿನಲ್ಲಿ. ನಾವು ಇಳಿದದ್ದು ಪೋಚಿಂಕಿಯಲ್ಲಿ.

ಪೋಚಿಂಕಿ ದ್ವೀಪದ ನಡುವಿನ ಊರು. ಅಲ್ಲಿ ಒಳ್ಳೆಯ ಲೂಟ್, ಅಂದರೆ ಬಂದೂಕು, ಗುಂಡು ಇತ್ಯಾದಿ, ಸಿಗುತ್ತದೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತೆಂಬುದೂ ಎಲ್ಲರಿಗೂ ಗೊತ್ತು. ಆದರೂ ಎಲ್ಲರೂ ಅಲ್ಲಿಗೇ, ಅದೂ ಬರಿಗೈಲಿ! ಆಟದ ಪ್ಯಾರಾಟ್ರೂಪರ್‌ನ ಬೆನ್ನಿಗೆ ಪ್ಯಾರಾಚೂಟ್ ಕೊಟ್ಟವರು ಕೈಗೆ ಒಂದು ಚಿಕ್ಕ ಚಾಕುವನ್ನೂ ಕೊಟ್ಟಿಲ್ಲ. ಇದನ್ನು ಹೆಚ್ಚುಕಡಿಮೆ ನಿಜವಾಗಿ ಮಾಡಿ ನೋಡಿದವರು ಜರ್ಮನ್ನರು. 1941ರ ಮೇ 20ರಂದು ಕ್ರೀಟ್ ದ್ವೀಪಕ್ಕೆ ಹಾರಿದ ಅವರ ಸೈನಿಕರಲ್ಲಿ ಬಹುಪಾಲು ಜನರ ಬಳಿ ಇದ್ದದ್ದು ಪಿಸ್ತೂಲು, ಕೈಬಾಂಬು. ರೈಫಲ್‌ಗಳು ಬೇರೆ ಪೆಟ್ಟಿಗೆಯಲ್ಲಿ, ಬೇರೆ ಪ್ಯಾರಾಚೂಟಿನಲ್ಲಿ ಬಂದು ಇನ್ನೆಲ್ಲೋ ಬಿದ್ದವು. ಪೆಟ್ಟಿಗೆ ಹುಡುಕುತ್ತಾ ಓಡಿದವರಲ್ಲಿ ಹಲವರು ಓಡುತ್ತಲೇ ಸತ್ತರು. ಕ್ರೀಟ್ ಕೈಗೆ ಬಂತು, ಆದರೆ ಆದ ಸಾವುನೋವು ಕಂಡು ಹಿಟ್ಲರ್ ಅಷ್ಟು ದೊಡ್ಡ ಪ್ಯಾರಾ ದಾಳಿಗೆ ಮತ್ತೆ ಕೈಹಾಕಲಿಲ್ಲ. ಅಂಥವನೇ ಒಂದು ಸಲಕ್ಕೆ ಬುದ್ಧಿ ಕಲಿತ. ನಮ್ಮ ಹುಡುಗ ಒಂದು ಭಾನುವಾರದಲ್ಲಿ ಹನ್ನೆರಡು ಸಲ ಪೋಚಿಂಕಿಗೆ ಹಾರುತ್ತಾನೆ.

ನಾನು ಇಳಿದದ್ದು ಒಂದು ಎರಡಂತಸ್ತಿನ ಮನೆಯ ಮೇಲೆ. ಒಳಗೆ ಹೋದರೆ ಮೂಲೆಯಲ್ಲಿ ಒಂದು ಬಾಣಲೆ. ಗುಂಡು ಬಡಿದರೂ ಟಣ್ ಎಂದು ತಡೆಯುವ ವಸ್ತು ಅದು, ಆದರೆ ನನಗದು ತಿಳಿದಿರಲಿಲ್ಲ. ಇಲ್ಲೂ ನನಗೆ ಅಡುಗೆಮನೆಯೇ ಗತಿ ಎಂದುಕೊಂಡು ಬಿಟ್ಟು ಮುಂದೆ ಹೋದೆ. ಬಾಗಿಲು ತೆರೆದರೆ ಎದುರಿಗೆ ಇನ್ನೊಬ್ಬ, ಅವನ ಕೈಯೂ ಖಾಲಿ. ಅರೆಕ್ಷಣ ಇಬ್ಬರೂ ಮುಖ ನೋಡಿಕೊಂಡು ನಿಂತೆವು. ಆಮೇಲೆ ಶುರುವಾಯಿತು ನೋಡಿ, ಬೀದಿ ನಲ್ಲಿ ಮುಂದಿನ ಜಗಳದಂಥ ಗುದ್ದಾಟ. ನಾನು ಹೊಡೆದ ಗುದ್ದೆಲ್ಲ ಗೋಡೆಗೆ. ಅವನು ತೊಟ್ಟಿದ್ದ ಮಿರಮಿರ ಮಿಂಚುವ, ರೆಕ್ಕೆಯಿರುವ ದಿರಿಸು ನೋಡುತ್ತಲೇ ನಾನು ನೆಲಕ್ಕೊರಗಿದೆ. ಯುದ್ಧಕ್ಕೆ ಬರಿಗೈಲಿ ಬಂದವನು ದುಡ್ಡು ಕೊಟ್ಟು ಕೊಂಡು ತೊಟ್ಟ ದಿರಿಸದು. ಪ್ಯಾರಾಚೂಟಿಗೂ ಬಣ್ಣದ ಹೊದಿಕೆ ಮಾರಾಟಕ್ಕಿದೆ. ಅದು ಬಿಚ್ಚಿಕೊಂಡಿರುವುದು ಅರೆ ನಿಮಿಷ. ಆ ಹೊತ್ತಿನಲ್ಲಿ ಯಾರೂ ಮೇಲೆ ನೋಡುವುದಿಲ್ಲ. ನಮ್ಮ ಮದುವೆ ಮಂಟಪದ ಹೂವಿನ ಖರ್ಚಿಗಿಂತ ಇದು ಎಷ್ಟೋ ವಾಸಿ.

ಈ ಆಟದ ಪ್ಯಾರಾಚೂಟನ್ನು ಸರ್ಕಾರವೂ ಹಿಂದೆ ಕತ್ತರಿಸಿತ್ತು. 2020ರ ಸೆಪ್ಟೆಂಬರ್ 2ರಂದು ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಇದೂ ಒಂದು. 2021ರ ಜುಲೈನಲ್ಲಿ ಹೆಸರು ಬದಲಿಸಿಕೊಂಡು, ಕೊನೆಯಲ್ಲಿ 'ಇಂಡಿಯಾ' ಅಂಟಿಸಿಕೊಂಡು ಮತ್ತೆ ಇಳಿಯಿತು. ಈಗ ಅದರಲ್ಲಿ ಗುಂಡು ತಗುಲಿದರೆ ಚಿಮ್ಮುವುದು ಹಸಿರು ರಕ್ತ. ಕೊಂದರೆ 'ಕಿಲ್' ಅಲ್ಲ, 'ಫಿನಿಶ್'. ಒಟ್ಟಿನಲ್ಲಿ ಹಿಂಸೆಯ ಸುಳಿವಿಲ್ಲ, ಕೊತ್ತಂಬರಿ ಚಟ್ನಿ ಚೆಲ್ಲಿದ ಹಾಗೆ.

ಹುಡುಗನಿಗೆ ನಿಜವಾದ ಪ್ಯಾರಾಟ್ರೂಪರ್ ಎಂದರೆ ಏನೆಂದು ಹೇಳೋಣ ಅನಿಸಿತು. ನಮ್ಮ ಸೇನೆಯ ಪ್ಯಾರಾಚೂಟ್ ರೆಜಿಮೆಂಟಿನ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. 1971ರ ಡಿಸೆಂಬರ್ 11ರಂದು ನಮ್ಮ ಸುಮಾರು 700 ಯೋಧರು ಇಂದಿನ ಬಾಂಗ್ಲಾದೇಶದ ಟಾಂಗೈಲ್ ಬಳಿ ಇಳಿದ ಕಥೆ ಹೇಳಿದೆ. ಊರವರು ಓಡಿಬಂದು ಸಾಮಾನು ಹೊತ್ತುಕೊಟ್ಟದ್ದು, ಇಳಿದವರು 5,000 ಎಂದು ಹೊರದೇಶಗಳಲ್ಲಿ ಸುದ್ದಿ ಹಬ್ಬಿದ್ದು, ಐದೇ ದಿನಕ್ಕೆ ಢಾಕಾ ಶರಣಾದದ್ದು.

"ಎಷ್ಟು ಕಿಲ್ ಮಾಮ?"

"ಕಿಲ್ ಅಲ್ಲ ಕಣೋ, ಪೂಂಗ್ಲಿ ಸೇತುವೆ ಹಿಡಿದ್ರು. ಹಿಂದೆ ಸರಿಯೋ ಪಾಕಿಸ್ತಾನಿ ಪಡೆಗೆ ಅಲ್ಲೇ ಅಡ್ಡ ನಿಂತ್ರು."

"ಓ, ಬ್ರಿಡ್ಜ್ ಹತ್ರ ಹೊಂಚು ಹಾಕಿ ಕೂರೋ ಕ್ಯಾಂಪಿಂಗಾ? ಅದು ಆಡೋಕೆ ಬರದ ನೂಬ್‌ಗಳು ಮಾಡೋದು ಬಿಡಿ."

ನಾನು ಬಿಟ್ಟೆ. ಆಮೇಲೆ ಅವನ ಜೊತೆ ಆಡುವುದನ್ನೂ ಬಿಟ್ಟು, ಪಕ್ಕದಲ್ಲೇ ಕೂತು ಒಬ್ಬನೇ ಹಾರತೊಡಗಿದೆ. ನನ್ನ ವಿಧಾನ ಸರಳ. ವಿಮಾನ ಹೋಗುವ ದಾರಿಯಿಂದ ಆದಷ್ಟು ದೂರ ತೇಲಿ, ಯಾರಿಗೂ ಬೇಡವಾದ ಗದ್ದೆಯಲ್ಲಿ ಇಳಿಯುವುದು. ಒಂದು ಗುಡಿಸಲಿನಲ್ಲಿ ಸಿಕ್ಕ ಬ್ಯಾಂಡೇಜು ಜೇಬಿಗಿಳಿಸಿ ಸ್ನಾನದ ತೊಟ್ಟಿಯಲ್ಲಿ ಮಲಗುವುದು. ದೂರದಲ್ಲಿ ಢಂ ಢಂ ಎಂದಾಗಲೆಲ್ಲ ಪರದೆಯ ಮೇಲೆ ಉಳಿದವರ ಸಂಖ್ಯೆ ನೋಡುವುದು: ಎಂಬತ್ತು, ಐವತ್ತೆರಡು, ಮೂವತ್ತು. ಆಟದ ವಲಯವನ್ನು ಕಿರಿದಾಗಿಸುತ್ತಾ, ಆಚೆ ಉಳಿದವರ ಜೀವ ಹಿಂಡುತ್ತಾ ಬರುವ ನೀಲಿ ಗೋಡೆ ಹತ್ತಿರ ಬಂದರೆ ಎದ್ದು ಮುಂದಿನ ಹುಲ್ಲಿಗೆ ತೆವಳುವುದು. ಮೂವತ್ತು ವರ್ಷ ಸರ್ಕಾರಿ ಕಚೇರಿಯಲ್ಲಿ ಇದ್ದವನಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಮೊನ್ನೆ ರಾತ್ರಿ ಆ ಸಂಖ್ಯೆ ಎರಡಕ್ಕೆ ಇಳಿಯಿತು. ನಾನು ಮತ್ತು ಇನ್ನೊಬ್ಬ. ಹುಡುಗ ತನ್ನ ಫೋನು ಬಿಟ್ಟು ನನ್ನ ಹೆಗಲ ಮೇಲೆ ಬಗ್ಗಿ ಉಸಿರು ಬಿಗಿಹಿಡಿದ. "ಚಿಕನ್ ಡಿನ್ನರ್ ಮಾಮ, ಚಿಕನ್ ಡಿನ್ನರ್!" ಈ ಆಟದಲ್ಲಿ ಗೆಲುವನ್ನು ಕರೆಯುವುದೇ ಹಾಗೆ. ಒಳಗಿನಿಂದ ಅಮ್ಮ, "ಈ ಮನೇಲಿ ಯಾರೋ ಅದರ ಹೆಸರೆತ್ತಿದ್ದು?" ಎಂದರು. ಅದೇ ಗಳಿಗೆಗೆ ಪರದೆ ತುಂಬ ತಂಗಿಯ ಮುಖ. ಕರೆ.

"ಅಣ್ಣ, ಅವನು ಓದ್ತಿದ್ದಾನಾ?"

"ಹೂಂ ಕಣಮ್ಮ, ಪಕ್ಕದಲ್ಲೇ ಕೂತು ಓದಿಸ್ತಿದ್ದೀನಿ."

"ಯಾವ ಸಬ್ಜೆಕ್ಟು?"

"ಭೂಗೋಳ" ಎಂದೆ. ಅಷ್ಟರಲ್ಲಿ ನೀಲಿ ಗೋಡೆ ನನ್ನನ್ನು ದಾಟಿ ಹೋಗಿತ್ತು.