ಬೇಲಿ ಭಟ್ಟರು

ಶಿವಮೊಗ್ಗದ ನಮ್ಮ ಬಡಾವಣೆಯಲ್ಲಿ ಬೆಳಗ್ಗೆ ಬಸ್ಸು ಹಿಡಿಯಬೇಕಾದವರು ಮೂರನೇ ತಿರುವಿನ ಕಡೆ ತಲೆ ಹಾಕುವುದಿಲ್ಲ. ಅಲ್ಲಿ ಭಟ್ಟರು ಬನಿಯನ್ನು ತೊಟ್ಟು, ಪಂಚೆ ಮೇಲೆತ್ತಿ ಕಟ್ಟಿ, ಕೈಯಲ್ಲೊಂದು ವೈರ್ ಬ್ರಶ್ ಹಿಡಿದು ಗ್ರಿಲ್ಲಿನ ಹಿಂದೆ ನಿಂತಿರುತ್ತಾರೆ. "ಆಫೀಸಿಗಾ? ಒಂದ್ನಿಮಿಷ, ಇದನ್ನು ನೋಡಿ ಹೋಗಿ" ಎಂದರೋ, ಬಸ್ಸು ತಪ್ಪಿದ ಹಾಗೇ ಲೆಕ್ಕ.

ಸರ್ವೀಸಿನುದ್ದಕ್ಕೂ ಬ್ಯಾಂಕಿನ ಕ್ಯಾಶ್ ಕೌಂಟರಿನ ಜಾಲರಿ ಹಿಂದೆ ಕೂತವರು. ನಡುವೆ ಒಂದಿಷ್ಟು ಕಬ್ಬಿಣ ಇಲ್ಲದಿದ್ದರೆ ಅವರಿಗೆ ಮಾತೇ ಹೊರಡುವುದಿಲ್ಲ. ಮದುವೆಮನೆಯಲ್ಲಿ ಎದುರಾದರೆ "ಊಟ ಆಯ್ತಾ" ಎಂದು ಸರಿದುಹೋಗುವ ಮನುಷ್ಯ, ಗ್ರಿಲ್ಲಿನಾಚೆ ಸಿಕ್ಕರೆ ಮುಕ್ಕಾಲು ಗಂಟೆ ತುಕ್ಕಿನ ಪುರಾಣ ಹೇಳುತ್ತಾರೆ.

ಹೇಳುವುದು ಸುಳ್ಳಾಗಿದ್ದರೆ ತಪ್ಪಿಸಿಕೊಳ್ಳಬಹುದಿತ್ತು. ಸತ್ಯವಾಗಿರುವುದೇ ತೊಂದರೆ. "ತುಕ್ಕಿನ ಮೇಲೇ ಪೇಂಟ್ ಬಳಿದು ದುಡ್ಡೆಣಿಸಿಕೊಂಡು ಹೋಗ್ತಾರೆ, ಮುಂದಿನ ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳ್ತದೆ. ಮೊದಲು ಕೆರೀಬೇಕು, ಎಮರಿ ಪೇಪರಿನಲ್ಲಿ ಉಜ್ಜಬೇಕು, ಧೂಳು ಒರೆಸಿ ರೆಡ್ ಆಕ್ಸೈಡ್ ಕೊಡಬೇಕು. ಅದು ಒಣಗಿದ ಮೇಲಲ್ಲವಾ ಎನಾಮೆಲ್?" ಹೌದೆಂದು ತಲೆಯಾಡಿಸಿದಿರೋ, ಎರಡನೇ ಕೋಟಿನ ಅಧ್ಯಾಯ ಶುರು.

ಹಿಂಬದಿಯಲ್ಲಿ ಕಲ್ಲುಕಂಬಕ್ಕೆ ಬಿಗಿದ ಚೈನ್‌ಲಿಂಕ್ ಜಾಲರಿ. ಕೂಲಿಗೆ ಬಂದ ಹುಡುಗನೊಬ್ಬ ಅದನ್ನೂ ವೈರ್ ಬ್ರಶ್ಶಿನಲ್ಲಿ ತಿಕ್ಕತೊಡಗಿದಾಗ ಭಟ್ಟರು ಹಾಕಿದ ಕೂಗಿಗೆ ಪಕ್ಕದ ಮನೆಯವರು ಹಾವು ಬಂತೆಂದು ದೊಣ್ಣೆ ತಂದರು. "ಅಯ್ಯೋ ಮಾರಾಯಾ, ಅದು ಜಿ.ಐ. ತಂತಿ! ಮೇಲಿರೋದು ಸತುವಿನ ಲೇಪ. ತಾನು ಸವೆದು ಒಳಗಿನ ಕಬ್ಬಿಣ ಉಳಿಸ್ತದೆ. ಅದನ್ನೇ ಕೆರೆದು ಹಾಕಿದ್ಯಲ್ಲೋ!" ಆಮೇಲೆ ಸೋಪಿನ ನೀರು, ಹಳೇ ಬಟ್ಟೆ ಕೊಟ್ಟು ಜಾಲರಿಯ ಒಂದೊಂದು ಕಣ್ಣನ್ನೂ ಒರೆಸಲು ಹಚ್ಚಿದರು. "ಒಳಗೆ ಫ್ಯಾನಿನ ಮೇಲೆ ಬೆರಳು ದಪ್ಪ ಧೂಳಿದೆ, ಅದಕ್ಕೆ ಸತು ಇಲ್ಲ ಅಂತ ತಾತ್ಸಾರವಾ?" ಎಂದು ಅಡುಗೆಮನೆಯ ಕಿಟಕಿಯಿಂದ ಅವರ ಹೆಂಡತಿ ಕೇಳಿದ್ದು ಭಟ್ಟರ ಕಿವಿಗೆ ಬೀಳಲಿಲ್ಲ.

ಬಸಳೆ ಚಪ್ಪರದ ಸುತ್ತ ತೀರ್ಥಹಳ್ಳಿ ಕಡೆಯಿಂದ ತಂದ ಅಡಕೆ ದಬ್ಬೆಯ ಬೇಲಿಯೂ ಇದೆ. ಬುಡಕ್ಕೆ ಡಾಂಬರು ಬಳಿದರೂ ಗೆದ್ದಲು ತನ್ನ ಪಾಲು ಬಿಟ್ಟಿಲ್ಲ. ಆ ವಿಷಯ ಯಾರಾದರೂ ಎತ್ತಿದರೆ ಭಟ್ಟರು ಹವಾಮಾನದ ಮಾತಿಗೆ ಹೊರಳುತ್ತಾರೆ.

ನಿಜವಾದ ಕುರುಕ್ಷೇತ್ರ ಅಡ್ಡರಸ್ತೆಗೆ ಮುಖ ಮಾಡಿದ ಕಾಂಪೌಂಡ್ ಗೋಡೆ. ಮಳೆ ನಿಂತೊಡನೆ ಪಾಚಿಗೆ ಬ್ಲೀಚಿಂಗ್ ಪೌಡರಿನ ನೀರು ಬಳಿದು, ಸ್ವಲ್ಪ ಹೊತ್ತು ಬಿಟ್ಟು, ತೆಂಗಿನ ನಾರಿನ ಬ್ರಶ್ಶಿನಲ್ಲಿ ಉಜ್ಜುತ್ತಾರೆ. ಆ ನೀರು ಸಿಡಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆಂದು ಗ್ರಿಲ್ಲಿಗೆ ಹೆಂಡತಿಯ ಸೀರೆ ಹೊದಿಸುತ್ತಾರೆ. (ಹಳೆಯದೇ ಎಂದು ಅವರ ವಾದ.) ಬೇಗ ಬೆಳ್ಳಗಾಗಲೆಂದು ಆ ನೀರಿಗೆ ಬಾತ್‌ರೂಮಿನ ಆ್ಯಸಿಡ್ ಸೇರಿಸಹೊರಟ ಎದುರುಮನೆಯವರನ್ನು, ವಿಷಗಾಳಿ ಏಳುತ್ತದೆಂದು ಓಡಿಹೋಗಿ ತಡೆದದ್ದೂ ಇವರೇ. ಅಷ್ಟು ಉಪಕಾರ ನಾವು ಒಪ್ಪಲೇಬೇಕು.

ಗೋಡೆ ಬೆಳ್ಳಗಾದ ವಾರಕ್ಕೇ ದಾರಿಹೋಕರು ನೀರು ಬಿಡಲು ನಿಂತರು. ಭಟ್ಟರು ದೇವರ ಟೈಲ್ಸ್ ಅಂಟಿಸಿದರು. ನೀರೇನೋ ನಿಂತಿತು. ಆದರೆ ತಿಮ್ಮಪ್ಪನಿಗೆ ಯಾರೋ ಹೂವಿಟ್ಟರು, ಇನ್ಯಾರೋ ಕುಂಕುಮ ಬಳಿದರು, ಶನಿವಾರ ಕರ್ಪೂರ ಶುರುವಾಯಿತು. ಈಗ ಭಟ್ಟರು ಮಸಿ ತಿಕ್ಕುತ್ತಾರೆ, ಅದೂ ಚಪ್ಪಲಿ ಬಿಟ್ಟು. ಗೋಂದಿನ ಬಕೆಟ್ ಹಿಡಿದು ಪೋಸ್ಟರ್ ಅಂಟಿಸಲು ಬಂದ ಹುಡುಗನಿಗೆ, ಊರಿನ ಗೋಡೆಗಳನ್ನು ವಿರೂಪ ಮಾಡುವುದರ ವಿರುದ್ಧ ಕರ್ನಾಟಕ 1981ರಲ್ಲೇ ಕಾನೂನು ಮಾಡಿದೆ ಎಂದು ತಿಳಿಹೇಳಿದರು. "ನಾನು ಹುಟ್ಟೋಕೆ ಮುಂಚಿಂದು, ನಂಗೆ ಹೆಂಗೆ ಗೊತ್ತಾಗ್ಬೇಕು ಸಾರ್?" ಎಂದ ಹುಡುಗ, ಇನ್ನೊಂದು ಹಾಳೆ ಒತ್ತುತ್ತ.

ದೀಪಾವಳಿಗೆ ಮುಂಚೆ ಗ್ರಿಲ್ಲಿಗೆ ಹಸಿರು ಎನಾಮೆಲ್ ಆಯಿತು. 'ಹಸಿ ಬಣ್ಣ, ಮುಟ್ಟಬೇಡಿ' ಎಂಬ ರಟ್ಟು ತೂಗಿತು. ಬೀದಿಯವರು ಮುಟ್ಟುವುದಿರಲಿ, ಆ ಕಡೆ ಸುಳಿಯಲೂ ಇಲ್ಲ. ಭಟ್ಟರು ಮಾತ್ರ ಒಣಗಿತೋ ಇಲ್ಲವೋ ಎಂದು ಅರ್ಧ ಗಂಟೆಗೊಮ್ಮೆ ಬಂದು ಹೆಬ್ಬೆರಳೊತ್ತಿ ನೋಡಿದರು, ಪ್ರತಿ ಸಲವೂ ಹೊಸ ಸರಳಿನ ಮೇಲೆ. ಸಂಜೆಗೆ ಗ್ರಿಲ್ಲಿನ ತುಂಬ ಹೆಬ್ಬೆಟ್ಟು. "ಯಾರೋ ಹುಡುಗರ ಕೆಲಸ ಇದು!" ಎಂದು ಗುಡುಗುತ್ತ ಒಳಗೆ ಹೋಗಿ ಕಾಫಿ ಕುಡಿದು ಲೋಟ ಕೆಳಗಿಟ್ಟರು. ಅವರ ಹೆಂಡತಿ ಲೋಟವನ್ನು ಬೆಳಕಿಗೆ ಹಿಡಿದು, ಅದರ ಮೇಲಿನ ಹಸಿರು ಗುರುತು ನೋಡಿ ಕೇಳಿದರು:

"ಆ ಹುಡುಗರು ಕಾಫಿಯನ್ನೂ ಕುಡಿದು ಹೋದರಾ?"