ಟ್ರಿಪ್ಪಣ್ಣನ ಹನ್ನೊಂದು ಪಾಯಿಂಟು

ನಮ್ಮ ಕಡೆ ಯಾವ ಸಣ್ಣ ಊರಿಗೆ ಹೋದರೂ ಬಸ್ ಸ್ಟ್ಯಾಂಡಿನ ಆಸುಪಾಸಿನಲ್ಲಿ ಒಬ್ಬ ಟ್ರಿಪ್ಪಣ್ಣ ಸಿಗುತ್ತಾನೆ. ಚನ್ನಗಿರಿಯಲ್ಲಿದ್ದಾನೆ, ಹೊನ್ನಾಳಿಯಲ್ಲಿದ್ದಾನೆ, ನ್ಯಾಮತಿಯಲ್ಲಿ ಇಬ್ಬರಿದ್ದು ಒಬ್ಬರಿಗೊಬ್ಬರು ಮಾತು ಬಿಟ್ಟಿದ್ದಾರೆ. ತ್ಯಾವಣಿಗೆಯವನು ಇವರೆಲ್ಲರ ಪೈಕಿ ಪಳಗಿದ ಕೈ. ವರ್ಷದ ಬಹುಪಾಲು ಜನ ಅವನನ್ನು ಝೆರಾಕ್ಸ್ ಅಂಗಡಿಯವನು ಎಂದೋ, ಎಲ್‌ಐಸಿ ಏಜೆಂಟ್ ಎಂದೋ, ಅಡಿಕೆ ಚೇಣಿಯಲ್ಲಿ ಕಾಲು ಪಾಲು ದುಡ್ಡು ಹಾಕಿ ಮುಕ್ಕಾಲು ಪಾಲು ಮಾತಾಡುವವನು ಎಂದೋ ಗುರುತಿಸುತ್ತಾರೆ. ಭದ್ರಾ ನಾಲೆಗೆ ನೀರು ಬಿಟ್ಟು, ನಾಟಿ ಮುಗಿದು, ಹೆಂಗಸರ ಸೊಂಟ ಇನ್ನೂ ನೆಟ್ಟಗಾಗುವ ಮೊದಲೇ ಅವನ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಜೋಗ ಧುಮುಕತೊಡಗುತ್ತದೆ.

ಜೋಗದ ಕೆಳಗೆ ಬರಹ: "ಒಂದೇ ದಿನದಲ್ಲಿ ಮಳೆಕಾಡು, ಜಲಪಾತ, ವನ್ಯಜೀವಿ, ಬುಡಕಟ್ಟು ಸಂಸ್ಕೃತಿ. ಒಟ್ಟು 11 ಪಾಯಿಂಟ್. ತಿಂಡಿ, ಊಟ ನಮ್ಮದೇ. ಕೆಲವೇ ಸೀಟು ಬಾಕಿ." ಒಬ್ಬರೂ ಅಡ್ವಾನ್ಸ್ ಕೊಡದಿರುವಾಗಲೂ ಕೆಲವೇ ಸೀಟು ಬಾಕಿ ಇರುತ್ತವೆ. ಆಮೇಲೆ ಅವನು ಮನೆಮನೆಗೆ ಇಳಿಯುತ್ತಾನೆ.

"ಅಕ್ಕಾರೆ, ನಿಮ್ ಹೆಸರು ಬರ್ಕಂಡೀನಿ."

"ಬರ್ತೀನಿ ಅಂತ ನಾನ್ ಯಾವಾಗ ಅಂದೆ?"

"ನೀವು ಅನ್ನಲ್ಲ ಅಂತ ಗೊತ್ತಿತ್ತು, ಅದ್ಕೇ ನಾನೇ ಬರ್ಕಂಡೆ. ಕಿಟಕಿ ಸೀಟು."

ಟೆಂಪೊ ಟ್ರಾವೆಲರ್, ಅಂದರೆ ಟಿ.ಟಿ., ಹತ್ತುವ ದಿನ ತಿಳಿಯುತ್ತದೆ, ಎಲ್ಲರಿಗೂ ಕಿಟಕಿ ಸೀಟೇ ಕೊಟ್ಟಿದ್ದಾನೆ. ಜಗಳ ಹತ್ತಿದರೆ ಅವನ ಬಳಿ ಪರಿಹಾರವಿದೆ: "ಚನ್ನಗಿರಿವರೆಗೆ ನೀವು, ಶಿವಮೊಗ್ಗದವರೆಗೆ ಅವರು, ವಾಂತಿ ಬರೋರು ಪರ್ಮನೆಂಟು." ತ್ಯಾವಣಿಗೆಯ ಗಟ್ಟಿಮುಟ್ಟು ಹೆಂಗಸರು ಕೂಡ ಆ ಕ್ಷಣದಿಂದ ನಿಂಬೆಹಣ್ಣು ಮೂಸತೊಡಗುತ್ತಾರೆ.

ಪಾಯಿಂಟ್ ಎಂಬುದು ಟ್ರಿಪ್ಪಣ್ಣನ ಜಗತ್ತಿನ ಮೂಲಮಾನ. ಇಳಿದು ನೋಡಿದ್ದು ಒಂದು ಪಾಯಿಂಟ್, ಇಳಿಯದೆ ನೋಡಿದ್ದೂ ಒಂದು ಪಾಯಿಂಟ್. ಸಾಗರದ ಹತ್ತಿರ "ಇಕ್ಕೇರಿಗೆ ದಾರಿ" ಎಂಬ ಬೋರ್ಡು ಕಂಡರೆ ಅಘೋರೇಶ್ವರ ದೇವಸ್ಥಾನ ಮುಗಿಯಿತು ಅಂತ. ಚಹಾಕ್ಕೆ ನಿಲ್ಲಿಸಿದ ಜಾಗದಲ್ಲಿ ಮಳೆ ಬಂದರೆ ಅದೇ ಮಳೆಕಾಡು. ಇನ್ನು ಅವನ ಅಂಕಿಅಂಶದ ಮಾತು ಬೇರೆ. ಶಾಂತಿಸಾಗರದ ಪಕ್ಕದಲ್ಲಿ ಹುಟ್ಟಿ, "ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ" ಎಂಬ ಮಾತನ್ನು ಹಾಲಿನ ಜೊತೆ ಕುಡಿದು ಬೆಳೆದವನಾದ್ದರಿಂದ, ಅವನ ಲೆಕ್ಕದಲ್ಲಿ ಎಲ್ಲವೂ ಏಷ್ಯಾದಲ್ಲೇ ಎರಡನೆಯದು. ಜೋಗ ಎರಡನೆಯದು, ಆನೆ ಬಿಡಾರ ಎರಡನೆಯದು, ಲಿಂಗನಮಕ್ಕಿ ಎರಡನೆಯದು. ಮೊದಲನೆಯದು ಯಾವುದಪ್ಪಾ ಎಂದು ಹಿಂದಿನ ಸೀಟಿನ ಹೈಸ್ಕೂಲ್ ಹುಡುಗ ಕೇಳಿದರೆ, "ಅದು ಈ ರೂಟಲ್ಲಿ ಬರಲ್ಲ" ಎಂದು ತಣ್ಣಗೆ ಹೇಳುತ್ತಾನೆ.

ರೂಟಿನ ವಿಷಯಕ್ಕೆ ಬಂದರೆ, ಭೂಗೋಳವೇ ಅವನ ದೊಡ್ಡ ವೈರಿ. ಸಕ್ರೆಬೈಲಿನ ಆನೆ ಬಿಡಾರ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ 14 ಕಿಲೋಮೀಟರ್. ತ್ಯಾವರೆಕೊಪ್ಪದ ಹುಲಿ-ಸಿಂಹ ಧಾಮ ಸಾಗರ ರಸ್ತೆಯಲ್ಲಿ. ಜೋಗ ಅದೇ ದಿಕ್ಕಿನಲ್ಲಿ ಸಾಗರವನ್ನೂ ದಾಟಿ. ಆಗುಂಬೆ ಮತ್ತೆ ತೀರ್ಥಹಳ್ಳಿಯ ಆಚೆ. ಇವಿಷ್ಟನ್ನೂ ಒಂದು ಹಗಲಲ್ಲಿ ಸುತ್ತಬೇಕಾದರೆ ಟಿ.ಟಿ.ಗೆ ರೆಕ್ಕೆ ಬರಬೇಕು. ಟ್ರಿಪ್ಪಣ್ಣ ಎದೆಗುಂದುವುದಿಲ್ಲ. ಪಟ್ಟಿಯ ಕೊನೆಯಲ್ಲಿ "ಆಗುಂಬೆ ಸೂರ್ಯಾಸ್ತ" ಎಂದು ಅಚ್ಚು ಹಾಕಿಸಿ, ಪಕ್ಕದಲ್ಲಿ ಇರುವೆ ಸಾಲಿನಷ್ಟು ಸಣ್ಣಕ್ಕೆ "ಸಮಯವಿದ್ದರೆ" ಎಂದು ಸೇರಿಸುತ್ತಾನೆ. ಸಮಯವಿದ್ದರೂ ಉಪಯೋಗವಿಲ್ಲ ಎಂಬುದು ಅವನಿಗೂ ಗೊತ್ತು. ಜೋಗದಲ್ಲಿ ನೀರಿರುವ ತಿಂಗಳಲ್ಲಿ ಆಗುಂಬೆಯಲ್ಲಿ ಸೂರ್ಯ ಇರುವುದಿಲ್ಲ. ಆಗುಂಬೆಯಲ್ಲಿ ಸೂರ್ಯ ಚೆಂದ ಮುಳುಗುವ ತಿಂಗಳಲ್ಲಿ ಜೋಗದಲ್ಲಿ ಬಂಡೆ ಮಾತ್ರ ಇರುತ್ತದೆ. ಮಲೆನಾಡಿನ ಈ ಸತ್ಯವನ್ನು ಒಂದು ಅಚ್ಚುಕಟ್ಟಾದ ಪಾಂಪ್ಲೆಟ್ಟಿನಲ್ಲಿ ಮುಚ್ಚಿಡಲು ಪ್ರತಿಭೆ ಬೇಕು.

ಹೊರಡುವುದು ಬೆಳಗಿನ ಜಾವ ನಾಲ್ಕಕ್ಕೆ. ಅಂದರೆ ಐದೂವರೆಗೆ. ಸಕ್ರೆಬೈಲಿನಲ್ಲಿ ತುಂಗೆಯ ಗಾಜನೂರು ಹಿನ್ನೀರಿಗೆ ಆನೆಗಳನ್ನು ಇಳಿಸಿ ಮಾವುತರು ಮೈ ತಿಕ್ಕುವುದು ಬೆಳಿಗ್ಗೆ ಮಾತ್ರ; ಹನ್ನೊಂದರ ಹೊತ್ತಿಗೆ ಆನೆಗಳು ಮೇಯಲು ಕಾಡಿಗೆ ಹೊರಟುಬಿಡುತ್ತವೆ. ತ್ಯಾವಣಿಗೆಯ ಟಿ.ಟಿ. ಚನ್ನಗಿರಿಯಲ್ಲಿ ಒಬ್ಬರ ಮೊಬೈಲ್ ಚಾರ್ಜರಿಗೆ, ಶಿವಮೊಗ್ಗದಲ್ಲಿ ಇಡ್ಲಿ ಪಾತ್ರೆಯ ಮುಚ್ಚಳಕ್ಕೆ ನಿಂತು, ಬಿಡಾರ ತಲುಪುವಾಗ ದಂಡೆಯ ಮೇಲೆ ಒದ್ದೆ ಹೆಜ್ಜೆ ಮಾತ್ರ ಉಳಿದಿರುತ್ತವೆ. ಟ್ರಿಪ್ಪಣ್ಣ ಬಗ್ಗಿ, ಲದ್ದಿಯೊಂದರ ಮೇಲೆ ಅಂಗೈ ಹಿಡಿದು ಘೋಷಿಸುತ್ತಾನೆ: "ಇನ್ನೂ ಬಿಸಿ ಐತೆ ನೋಡ್ರಿ. ಈಗ್ತಾನೆ ಹೋಗ್ಯಾವೆ." ಮೂರ್ನಾಲ್ಕು ಜನ ನಿಜಕ್ಕೂ ಬಗ್ಗಿ ಕೈ ಹಿಡಿಯುತ್ತಾರೆ. ಒಂದು ಪಾಯಿಂಟ್.

ತ್ಯಾವರೆಕೊಪ್ಪದಲ್ಲಿ ಪ್ರಾಣಿಗಳು ಕಾಡಿಗೆ ಹೋಗುವ ಪ್ರಶ್ನೆ ಇಲ್ಲ. 1988ರಲ್ಲಿ ಶುರುವಾದ ಆ ಸಫಾರಿಯಲ್ಲಿ ಜಾಲರಿ ಹಾಕಿದ ಬಸ್ಸು ಒಳಗೆ ಹೋಗುತ್ತದೆ, ಸಿಂಹ ಮರದಡಿ ಮಲಗಿರುತ್ತದೆ. ಆಗ ನೋಡಬೇಕು ಇವನನ್ನು. ದಿನವಿಡೀ ಸೀಟಿ ಊದುವವನು ಪಿಸುಗುಟ್ಟತೊಡಗುತ್ತಾನೆ. ಅಲ್ಲಿನ ಸಿಬ್ಬಂದಿ ಹೇಳಿದ್ದನ್ನೇ ತಾನು ಇನ್ನೊಮ್ಮೆ, ಸ್ವಲ್ಪ ಹೆಚ್ಚಿಸಿ ಹೇಳುತ್ತಾನೆ. ಅವರು ಸಿಂಹಕ್ಕೆ ಹನ್ನೆರಡು ವರ್ಷ ಅಂದರೆ ಇವನು ಹದಿನೈದು ಅನ್ನುತ್ತಾನೆ. ಎಲ್‌ಐಸಿ ಅಭ್ಯಾಸ, ವಯಸ್ಸು ಕೇಳಿದರೆ ಪ್ರೀಮಿಯಂ ಲೆಕ್ಕ ಓಡುತ್ತದೆ.

ಆಯನೂರು, ಆನಂದಪುರ ದಾಟುವಾಗ ಒಂದು ದೇವಸ್ಥಾನದ ಕಟ್ಟೆಯಲ್ಲಿ ಊಟ. ಚಿತ್ರಾನ್ನ, ಮೊಸರನ್ನ, ಮನೆಯಿಂದ ಯಾರೋ ತಂದ ಶೇಂಗಾ ಚಟ್ನಿಪುಡಿ. ಗಂಡಸರು ಊಟ ಮುಗಿಸಿ ಸುಮ್ಮನೆ ಕೂರುವವರಲ್ಲ. ಪಕ್ಕದ ತೋಟಕ್ಕೆ ನುಗ್ಗಿ ಮಲೆನಾಡಿನ ಅಡಿಕೆ ಮರದ ಸೋಗೆ ತಿರುಗಿಸಿ ಎಲೆಚುಕ್ಕಿ ರೋಗ ನೋಡುತ್ತಾರೆ, ಕೊಳೆಗೆ ಬೋರ್ಡೋ ಎಷ್ಟು ಸಲ ಹೊಡೀತೀರಿ ಎಂದು ವಿಚಾರಿಸುತ್ತಾರೆ, "ನಮ್ ಕಡೆ ಈ ಕಾಟ ಇಷ್ಟಿಲ್ಲ ಬಿಡ್ರಿ" ಎಂದು ಸಮಾಧಾನ ಹೇಳುವ ನೆಪದಲ್ಲಿ ಹೆಚ್ಚುಗಾರಿಕೆ ಮೆರೆಯುತ್ತಾರೆ. ನನ್ನನ್ನು ಕೇಳಿದರೆ ಇಡೀ ಪ್ರವಾಸದಲ್ಲಿ ಅವರು ಮನಸ್ಸಿಟ್ಟು ನೋಡಿದ ವನ್ಯಸಂಪತ್ತು ಅದೊಂದೇ. ಟ್ರಿಪ್ಪಣ್ಣ ಅದನ್ನು ಪಾಯಿಂಟ್ ಎಂದು ಎಣಿಸಿಲ್ಲ, ಅದು ಅವನ ಸೋಲು.

ಜೋಗಕ್ಕೆ ತಲುಪಿದಾಗ ಮಂಜು. ಎದುರಿಗೆ ಬೆಳ್ಳಗೆ ಗೋಡೆ, ಒಳಗಿನಿಂದ ಭೋರ್ಗರೆತ. 253 ಮೀಟರ್ ಎತ್ತರದ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ಒಳಗಡೆ ಇದ್ದಾರೆ, ದರ್ಶನ ಕೊಡುತ್ತಿಲ್ಲ. ಟ್ರಿಪ್ಪಣ್ಣ ಗಡಿಯಾರ ನೋಡಿ, "ಐದ್ ನಿಮಿಷ. ಮಂಜು ಸರಿತೈತೆ, ನಾನ್ ಹೇಳಿಟ್ಟೀನಿ" ಅನ್ನುತ್ತಾನೆ. ಯಾರಿಗೆ ಹೇಳಿಟ್ಟಿದ್ದಾನೆ ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಮಳೆ ಕಡಿಮೆಯಾದ ವರ್ಷ ಬಂದರಂತೂ ಅವನು ಲಿಂಗನಮಕ್ಕಿಯ ಇಂಜಿನಿಯರ್‌ಗೇ ಫೋನ್ ಮಾಡಿರುತ್ತಾನೆ, ನಾಲ್ಕು ಗಂಟೆಗೆ ಗೇಟ್ ಎತ್ತುತ್ತಾರೆ. 1964ರಲ್ಲಿ ಆ ಅಣೆಕಟ್ಟು ಕಟ್ಟಿದ ಮೇಲೆ ಶರಾವತಿ ತನ್ನಿಷ್ಟಕ್ಕೆ ಧುಮುಕುವುದು ನಿಂತಿತು. ಟ್ರಿಪ್ಪಣ್ಣನ ಇಷ್ಟಕ್ಕೂ ಧುಮುಕುತ್ತಾಳೆ ಎಂಬುದಕ್ಕೆ ಈವರೆಗೆ ಪುರಾವೆ ಇಲ್ಲ.

ಕಾಯುವ ಹೊತ್ತಿನಲ್ಲಿ ಕೋತಿಯೊಂದು ಯಾರದೋ ಮುಸುಕಿನ ಜೋಳ ಕಿತ್ತುಕೊಂಡು ಹೋಗುತ್ತದೆ. "ವನ್ಯಜೀವಿ" ಎಂದು ಅವನು ಬೆರಳು ಮಡಚುತ್ತಾನೆ. ಇಬ್ಬರು ಗಂಡಸರು ಕಣಿವೆಗೆ ಬೆನ್ನು ಮಾಡಿ ಚನ್ನಗಿರಿ ತುಮ್ಕೋಸಿನ ಆ ದಿನದ ಅಡಿಕೆ ರೇಟನ್ನು ಮೊಬೈಲಲ್ಲಿ ನೋಡುತ್ತಿರುತ್ತಾರೆ. ಅಷ್ಟರಲ್ಲಿ ಮಂಜು ನಿಜಕ್ಕೂ ಹರಿಯುತ್ತದೆ. ಮೊದಲು ಒಂದು ಬಿಳಿ ಗೆರೆ, ಆಮೇಲೆ ಇಡೀ ರಾಜ, ಬುಡದಿಂದ ಮೇಲೇಳುವ ಹನಿಯ ಹೊಗೆ. ಒಂದು ಮುದುಕಿ ಕೈ ಮುಗಿಯುತ್ತಾಳೆ. ಜನ ಚಪ್ಪಾಳೆ ತಟ್ಟುತ್ತಾರೆ. ಟ್ರಿಪ್ಪಣ್ಣ ಆ ಚಪ್ಪಾಳೆಯನ್ನು ವಿನಯದಿಂದ ತನಗೇ ಸ್ವೀಕರಿಸುತ್ತಾನೆ.

1927ರಲ್ಲಿ ಗಾಂಧೀಜಿ ಸಾಗರದವರೆಗೆ ಬಂದು ಜೋಗ ನೋಡದೆ ಹೋದರು. ಕಾಕಾ ಕಾಲೇಲ್ಕರ್ ಎಷ್ಟು ಒತ್ತಾಯಿಸಿದರೂ, ಆಕಾಶದಿಂದ ಬೀಳುವ ಮಳೆ ಅದಕ್ಕಿಂತ ಎತ್ತರದಿಂದ ಬೀಳುತ್ತದಲ್ಲ ಎಂಬರ್ಥದ ಮಾತು ಹೇಳಿ ಜಾರಿಕೊಂಡರಂತೆ, ಕಾಲೇಲ್ಕರರೇ ಬರೆದುಕೊಂಡಿದ್ದಾರೆ. ಕಾಲೇಲ್ಕರರ ಜಾಗದಲ್ಲಿ ನಮ್ಮವನು ಇದ್ದಿದ್ದರೆ ಗಾಂಧೀಜಿಯ ಹೆಸರು ಮೊದಲೇ ಬರೆದುಕೊಂಡು ಕಿಟಕಿ ಸೀಟು ಕೊಟ್ಟಿರುತ್ತಿದ್ದ.

ನಾನು ಹೋದ ಸಲ ಬುಡಕಟ್ಟು ಸಂಸ್ಕೃತಿಗೆ ಇಟ್ಟ ಸಮಯ ಇಪ್ಪತ್ತು ನಿಮಿಷ. ಸಾಗರ ಸೀಮೆಯ ಒಂದು ಹಳ್ಳಿಯಲ್ಲಿ ಹಸೆ ಚಿತ್ತಾರ ಬರೆಯುವವರ ಮನೆ. ಕೆಮ್ಮಣ್ಣು ಬಳಿದ ಗೋಡೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಮನೆಯಾಕೆ ಪುಂಡಿನಾರಿನ ಕುಂಚ ಅದ್ದಿ, ಉಸಿರು ಹಿಡಿದು, ಸ್ಕೇಲಿಲ್ಲದೆ ಒಂದು ಗೆರೆ ಎಳೆದಳು. ಗೆರೆ ಎಲ್ಲೂ ನಡುಗಲಿಲ್ಲ. ಟ್ರಿಪ್ಪಣ್ಣ "ಇದು ಆದಿವಾಸಿ ಕಲೆ, ಏಷ್ಯಾದಲ್ಲೇ" ಎಂದು ಶುರು ಮಾಡುವಷ್ಟರಲ್ಲಿ ಆಕೆ ತಲೆ ಎತ್ತದೆಯೇ, "ನಾವು ದೀವರು ಕಣಾ ತಮ್ಮ. ಇದು ನಮ್ಮನೆ ಮದುವೆ ಗೋಡೆ" ಅಂದಳು. ಭೂಮಿ ಹುಣ್ಣಿಮೆಗೆ ಬಣ್ಣ ಬರೆಯುವ ಬುಟ್ಟಿಯನ್ನೂ ತಂದು ತೋರಿಸಿದಳು. ನಮ್ಮ ಹೆಂಗಸರು ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ನಮ್ ಕಡೆ ಅದೇ ಸೀಗೆ ಹುಣ್ಣಿಮೆ, ಹೊಲಕ್ಕೆ ಚರಗ ಚೆಲ್ತೀವಿ, ನೀವು ಏನೇನು ಅಡುಗೆ ಮಾಡ್ತೀರಿ, ಎಷ್ಟು ಥರ ಸೊಪ್ಪು ಹಾಕ್ತೀರಿ ಎಂದು ಮಾತಿಗೆ ಮಾತು ಬೆಳೆಯಿತು. ಆಕೆಯ ಮಾವನ ಕಾಲದ ಊರು ಲಿಂಗನಮಕ್ಕಿ ನೀರಿನಡಿ ಇದೆಯಂತೆ. ಇವರು ಬಂದದ್ದು ಎತ್ತಿನ ಗಾಡಿಯಲ್ಲಂತೆ, ಸಾಗುವಳಿ ನೆಲದ ಹಕ್ಕುಪತ್ರ ಇನ್ನೂ ಕೈಗೆ ಬಂದಿಲ್ಲವಂತೆ. ಆ ನೀರಿನ ಕರೆಂಟು ನಮ್ಮೂರಿಗೂ ಬಂತು, ಹಕ್ಕುಪತ್ರ ಇವರಿಗೆ ಬರಲಿಲ್ಲ ಎಂದು ತ್ಯಾವಣಿಗೆಯ ಒಬ್ಬಾಕೆ ಲೊಚಗುಟ್ಟಿದಳು. ಅಷ್ಟರಲ್ಲಿ ಸೀಟಿ ಕೇಳಿತು. ಯಾರೂ ಏಳಲಿಲ್ಲ. ಮತ್ತೆ ಕೇಳಿತು. "ಊದ್ಕೊಳ್ಳಲಿ ಬಿಡು" ಎಂದು ಮುದುಕಿ ಕಾಲು ಚಾಚಿದಳು.

ಆದರೆ ದಿನದ ನಿಜವಾದ ಸಂಸ್ಕೃತಿ ದರ್ಶನ ಜೋಗದಲ್ಲೇ ಆಗಿಹೋಗಿತ್ತು. ನಮ್ಮ ಟಿ.ಟಿ.ಯಲ್ಲಿ ತಾಂಡಾದ ಒಬ್ಬ ಲಂಬಾಣಿ ಅಮ್ಮ ಇದ್ದಳು, ಕನ್ನಡಿ ಚೂರು ಕೂರಿಸಿದ ಕಾಂಚಳಿ, ಫೇಟಿಯಾ, ಕೈ ತುಂಬ ಬಳೆ. ಬೆಂಗಳೂರಿನ ಕಡೆಯ ಹುಡುಗರು ಜಲಪಾತಕ್ಕೆ ಬೆನ್ನು ಹಾಕಿ ಅವಳನ್ನು ಸುತ್ತುವರಿದು, "ಆಂಟಿ, ಇಲ್ಲೇ ಕಾಡಲ್ಲಿರೋದಾ ನೀವು?" ಎಂದು ಕೇಳಿದರು. ಅವಳು ಒಮ್ಮೆ ಅವರನ್ನು, ಒಮ್ಮೆ ತನ್ನ ಚಿತ್ರಾನ್ನದ ಡಬ್ಬಿಯನ್ನು ನೋಡಿ, "ನಾನೂ ನಿಮ್ಮಂಗೆ ಟಿಕೆಟ್ ತಗಂಡೇ ಬಂದೀನಿ. ಫೋಟೊಕ್ಕೆ ಹತ್ತು ರೂಪಾಯಿ" ಅಂದಳು. ನೂರಿಪ್ಪತ್ತು ರೂಪಾಯಿ ಆಯಿತು. ಇಡೀ ಟ್ರಿಪ್ಪಿನಲ್ಲಿ ಲಾಭ ಮಾಡಿದ್ದು ಅವಳೊಬ್ಬಳೇ.

ಟ್ರಿಪ್ಪಣ್ಣನ ಕಣ್ಣು ಆಗ ತೆರೆಯಿತು ಎಂದರೆ ತಪ್ಪಾಗುತ್ತದೆ, ಅರ್ಧ ತೆರೆಯಿತು. ಸಂಸ್ಕೃತಿ ಬೇಕೆಂದರೆ ಲಂಬಾಣಿಗಳ ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರುವುದು ನಮ್ಮ ನ್ಯಾಮತಿ ತಾಲ್ಲೂಕಿನಲ್ಲೇ, ಫೆಬ್ರವರಿ ಜಯಂತಿಗೆ ಹೊರರಾಜ್ಯಗಳಿಂದಲೂ ಬಂಜಾರರು ಮಾಲೆ ಹಾಕಿಕೊಂಡು ಬರುತ್ತಾರೆ. ವನ್ಯಜೀವಿ ಬೇಕೆಂದರೆ ಜಗಳೂರಿನ ರಂಗಯ್ಯನದುರ್ಗವಿದೆ; 2011ರಲ್ಲಿ ಘೋಷಿಸಿದ, ಸುಮಾರು 77 ಚದರ ಕಿಲೋಮೀಟರಿನ ಕೊಂಡುಕುರಿ ಧಾಮ. ಗಂಡಿಗೆ ನಾಲ್ಕು ಕೊಂಬಿರುವ ಈ ಪ್ರಾಣಿಯನ್ನು ನೋಡಲು ದೂರದಿಂದ ಜನ ಬರಬೇಕು. ಇದನ್ನೆಲ್ಲ ಅವನಿಗೆ ಹೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, "ಜಗಳೂರಿಗೆ ಯಾರ್ ಬರ್ತಾರ್ರಿ, ಅಲ್ಲಿ ನೆಂಟರು ಅದಾರೆ" ಅಂದ. ನೆಂಟರಿರುವ ಊರು ಪಾಯಿಂಟ್ ಆಗುವುದಿಲ್ಲ ಎಂಬುದು ಅವನ ಶಾಸ್ತ್ರ. ಮೇಲಾಗಿ ಕೊಂಡುಕುರಿ ನಾಚಿಕೆಯ ಪ್ರಾಣಿ, ಸೀಟಿ ಕೇಳಿದರೆ ಇನ್ನೂ ಒಳಕ್ಕೆ ಹೋಗುತ್ತದೆ.

ರಾತ್ರಿ ಹನ್ನೊಂದೂವರೆಗೆ ಕೆರೆಬಿಳಚಿಯ ಹತ್ತಿರ ಟಿ.ಟಿ. ನಿಧಾನವಾಯಿತು. ಅರ್ಧ ಜನ ನಿದ್ದೆಯಲ್ಲಿ, ಹೊರಗೆ ಕಗ್ಗತ್ತಲು. ಟ್ರಿಪ್ಪಣ್ಣ ಎದ್ದು ನಿಂತು ಕಿಟಕಿಯಾಚೆ ಕೈ ತೋರಿಸಿ, "ಎಡಕ್ಕೆ ಶಾಂತಿಸಾಗರ. ಏಷ್ಯಾದಲ್ಲೇ ಎರಡನೇದು. ಹನ್ನೊಂದನೇ ಪಾಯಿಂಟ್, ಲೆಕ್ಕ ಚುಕ್ತಾ" ಎಂದು ಕೂತ. ಕೆರೆ ಬಲಕ್ಕಿದೆಯೋ ಎಡಕ್ಕಿದೆಯೋ ಎಂದು ನೋಡುವಷ್ಟು ಬೆಳಕು ಯಾರಿಗೂ ಇರಲಿಲ್ಲ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ ಆದಾಗ ಅವನ ಕಥೆ ಮುಗಿಯಿತು ಎಂದೇ ಎಲ್ಲರೂ ಅಂದುಕೊಂಡೆವು. ಮುಗಿಯಲಿಲ್ಲ. ಬಸ್ಸು ಬಿಟ್ಟಿಯಾಗಿ ಒಯ್ಯುತ್ತದೆ, ನಿಜ, ಆದರೆ ಬಾಗಿಲಿಗೆ ಬಂದು "ಏನಜ್ಜಿ, ಇನ್ನೂ ರೆಡಿ ಆಗಿಲ್ವಾ?" ಎಂದು ಗದರುವುದಿಲ್ಲ. ಮೆಟ್ಟಿಲಿಳಿಯುವಾಗ ಅಜ್ಜಿಯ ಚಪ್ಪಲಿ ಹಿಡಿದುಕೊಳ್ಳುವುದಿಲ್ಲ. ದುಡ್ಡನ್ನು ಮೂರು ಕಂತಿನಲ್ಲಿ, ಮೂರನೆಯದನ್ನು ಅಡಿಕೆ ಮಾರಿದ ಮೇಲೆ ಇಸಿದುಕೊಳ್ಳುವುದಿಲ್ಲ. ತಲೆ ಎಣಿಸಿ, ಒಂದು ಕಡಿಮೆ ಬಂದರೆ ಹಿಂದಕ್ಕೆ ತಿರುಗುವುದಂತೂ ಇಲ್ಲವೇ ಇಲ್ಲ. ಟ್ರಿಪ್ಪಣ್ಣ ಸುಳ್ಳುಗಾರ, ಆದರೆ ತಲೆಯೆಣಿಕೆಯಲ್ಲಿ ಅವನು ಈವರೆಗೆ ಸುಳ್ಳು ಹೇಳಿಲ್ಲ.

ಆದ್ದರಿಂದ ಹೋಗಿ ಬನ್ನಿ. ನಿಂಬೆಹಣ್ಣು ಇಟ್ಟುಕೊಳ್ಳಿ, ಚಟ್ನಿಪುಡಿ ಮರೆಯಬೇಡಿ. ಮಂಗಳವಾರ ಮಾತ್ರ ಅವನ ಮಾತಿಗೆ ಒಪ್ಪಬೇಡಿ. ಆವತ್ತು ತ್ಯಾವರೆಕೊಪ್ಪಕ್ಕೆ ರಜೆ. ಅದು ಅವನಿಗೂ ಗೊತ್ತು. ಆದರೆ ಮಂಗಳವಾರ ಟಿ.ಟಿ. ಬಾಡಿಗೆ ಕಡಿಮೆ.